ಟ್ಯಾಂಕಿನ ಮೊನೊಗ್ರಾಮ್

ಮೊದಲು ಬಂದ ಕಿವಿಗಿಂತ ಆಮೇಲೆ ಬಂದ ಕೋಡು ದೊಡ್ಡದಾಯಿತು. ಕುರ್ಲಾದ ಚಮನಸಾಬನ ಮೋಟಾರ್‌ಸೈಕಲ್ ಗ್ಯಾರೇಜಿನಲ್ಲಿ ಹನ್ನೊಂದು ವರ್ಷ ಬಣ್ಣ ಹೊಡೆದವನು ಚಂದ್ರಾಮ; ಹೆಡ್ ಮಿಸ್ತ್ರಿಯಾಗಿ ಬಾಗಿಲ ಕೀಲಿ ಪಡೆದವನು ಎರಡು ವರ್ಷದ ಹಿಂದೆ ಬಂದ ಜಹಾಂಗೀರ. ಅವನು ಈಗಲೂ ‘ಚಂದ್ರಾಮಣ್ಣ’ ಎಂದೇ ಕರೆಯುತ್ತಿದ್ದ. ಆ ಮರ್ಯಾದೆಯಲ್ಲೂ ಚಂದ್ರಾಮನಿಗೆ ಕುಹಕ ಕೇಳಿಸುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಬೇಕು.

ಅಷ್ಟರಲ್ಲಿ ಸಾಂತಾಕ್ರೂಜಿನ ಡಾಕ್ಟರರ ವಿಲಾಯತಿ ಮೋಟಾರ್‌ಸೈಕಲ್ ಎಂಜಿನ್ ಕೆಲಸಕ್ಕೆ ಬಂತು. ಕಪ್ಪು ಟ್ಯಾಂಕಿನ ಎರಡೂ ಬದಿಗೆ ಅಂಟಿಸಿದ ಕಂಪನಿಯ ಬಿಲ್ಲೆ. ಗ್ಯಾರೇಜಿನ ಮಾತಿನಲ್ಲಿ ಮೊನೊಗ್ರಾಮ್. ಮುಂಬಯಿಯೆಲ್ಲ ಹುಡುಕಿದರೂ ಅಂಥದು ಸಿಗುತ್ತಿರಲಿಲ್ಲ. ಅವು ಕಾಣೆಯಾಗಿ ಜಹಾಂಗೀರನ ಪಾನಾ, ಇಕ್ಕಳಗಳ ಪೆಟ್ಟಿಗೆಯಲ್ಲಿ ಸಿಕ್ಕರೆ ಸಾಕು, ಕೀಲಿ ತಾನಾಗಿ ಕೈ ಬದಲಿಸುತ್ತದೆ.

ಬಣ್ಣಕ್ಕೆ ಮಾತ್ರ ಗೀರು ಬೀಳಬಾರದು. ಬಿದ್ದರೆ ಹೊರಗಿನ ಕಳ್ಳ ಎನ್ನುತ್ತಾರೆ. ಬೀಳದಿದ್ದರೆ ಕೆಲಸ ಬಲ್ಲ ಒಳಗಿನವನು, ಅದರಲ್ಲೂ ಕೀಲಿ ಇರುವವನು. ಚಂದ್ರಾಮ ಸಾಬೂನಿನ ಮೇಲೆ ಕೀಲಿಯ ಅಚ್ಚು ತೆಗೆದು ದಾದರಿನಲ್ಲಿ ಇನ್ನೊಂದು ಮಾಡಿಸಿದ್ದ. ಗುರುವಾರ ಗಾಡಿಯ ಕೆಲಸ ಮುಗಿದು, ಹೊದಿಕೆ ಹಾಕಿ ಗೋಡೆಯ ಪಕ್ಕ ನಿಲ್ಲಿಸಿದರು. ಡಾಕ್ಟರರು ಬರುವುದು ಶನಿವಾರ. ಶುಕ್ರವಾರ ರಜೆ ಹಾಕಿ ಅವನು ಮಲಾಡಿನ ಅಕ್ಕ ಮಲ್ಲಕ್ಕನ ಮನೆಗೆ ಹೋದ. ಪೇಟೆ ತಿರುಗಿ ಬರುತ್ತೇನೆಂದು ಹೊರಟು, ಲೋಕಲ್ ಹಿಡಿದು ನಮಾಜಿನ ಹೊತ್ತಿಗೆ ಕುರ್ಲಾದಲ್ಲಿ ಇಳಿದ. ಆಗ ಚಮನಸಾಬ, ಜಹಾಂಗೀರ ಇಬ್ಬರೂ ಗ್ಯಾರೇಜಿಗೆ ಬೀಗ ಹಾಕಿ ಮಸೀದಿಗೆ ಹೋಗುತ್ತಿದ್ದರು.

ಎದುರಿನ ಚಾಳಿನಲ್ಲಿ ಗಂಗುಬಾಯಿ ಹಪ್ಪಳ ಒಣಹಾಕುತ್ತಿದ್ದಳು. ನೋಡಿದಳೇ? ಅವಳು ಒಳಹೋಗುವವರೆಗೂ ನಲ್ಲಿಯ ಬಳಿ ಕಾಲು ತೊಳೆಯುತ್ತ ನಿಂತ. ಚಹಾದವನು ತಿರುಗಿ ನೋಡಿದರೂ ಅನುಮಾನ, ನೋಡದಿದ್ದರೂ ಅನುಮಾನ.

ಆಮೇಲೆ ಕಳ್ಳ ಕೀಲಿಯಿಂದ ಬೀಗ ತೆಗೆದು ಒಳಗೆ ಹೋದ. ಸ್ಟೋವಿನಲ್ಲಿ ನೀರು ಕಾಯಿಸಿ, ಬಟ್ಟೆ ಅದ್ದಿ ಹಿಂಡಿ ಬಿಲ್ಲೆಯ ಮೇಲೆ ಒತ್ತಿ ಹಿಡಿದ. ಅಂಟು ಸಡಿಲಾಗಲಿ ಎಂದು ಮತ್ತೆ ಮತ್ತೆ ಅದ್ದಿದ. ಅವಸರದವನು ಇಲ್ಲಿ ಸ್ಕ್ರೂಡ್ರೈವರ್ ಹಾಕಿ ಮೀಟಿ ಕೆಡಿಸುತ್ತಿದ್ದ. ಚಂದ್ರಾಮ ಕೌದಿ ಹೊಲಿಯುವ ದಾರವನ್ನು ಬಿಲ್ಲೆಯ ಹಿಂದೆ ತೂರಿಸಿ, ಗರಗಸದಂತೆ ಅತ್ತಿತ್ತ ಎಳೆದ. ಬಿಲ್ಲೆ ಅಂಗೈಗೆ ಬಂತು. ಉಳಿದ ಅಂಟಿಗೆ ಥಿನ್ನರ್ ತಾಗಿಸಿದರೆ ಬಣ್ಣವೇ ಏಳುತ್ತದೆ; ಸೀಮೆಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ಉಜ್ಜಿ ತೆಗೆದ. ಗೋಡೆಯ ಬದಿಯದನ್ನೂ ಹಾಗೆಯೇ ಬಿಡಿಸಿ, ಹಳೆ ಬನಿಯನ್ನಿನಿಂದ ಪಾಲಿಶ್ ಮಾಡಿದ. ಟ್ಯಾಂಕಿನಲ್ಲಿ ಮುಖ ಕಾಣುತ್ತಿತ್ತು. ಇಂಥ ಕೆಲಸ ಹೊಗಳಲು ಒಬ್ಬರೂ ಇಲ್ಲವಲ್ಲ ಎಂದು ನಿಜಕ್ಕೂ ಬೇಸರವಾಯಿತು. ಬಿಲ್ಲೆಗಳನ್ನು ಜಹಾಂಗೀರನ ಪೆಟ್ಟಿಗೆಯ ತಳಕ್ಕೆ ಸೇರಿಸಿ, ಹೊದಿಕೆ ಎಳೆದು ಸಂಜೆಗೆ ಮಲಾಡ್ ತಲುಪಿದ.

ಶನಿವಾರ ಡಾಕ್ಟರರೆದುರು ಚಮನಸಾಬ ಹೊದಿಕೆ ತೆಗೆದ. ಗದ್ದಲವಾಯಿತು, ಎಲ್ಲರ ಪೆಟ್ಟಿಗೆಗಳನ್ನು ಸುರಿದರು, ಜಹಾಂಗೀರನದರಿಂದ ಬಿಲ್ಲೆಗಳು ಹೊರಬಿದ್ದವು.

“ಅಲ್ಲಾನ ಆಣಿ, ನನಗೇನೂ ಗೊತ್ತಿಲ್ರಿ ಚಾಚಾ,” ಎಂದ ಜಹಾಂಗೀರ. ಅವನ ಮುಖ ನೋಡಿ ಚಂದ್ರಾಮನಿಗೆ ಒಂದು ಗಳಿಗೆ ಪಾಪ ಎನಿಸಿತು.

ಚಮನಸಾಬ ಗೋಡೆಯ ಬದಿಗೆ ಹೋಗಿ ಬಗ್ಗಿ ನೋಡಿದ. “ಚಂದ್ರಾಮ, ನೀ ನಿನ್ನೆ ಇಲ್ಲಿಗೆ ಬಂದಿದ್ದೇನು?”

“ಇಲ್ರಿ ಸಾಹೇಬ್ರ. ದಿನಾ ಪೂರ್ತಿ ಮಲಾಡದಾಗ ಇದ್ನಿ, ಅಕ್ಕನ ಕಡೆ.”

“ಹಂಗಾದ್ರ ಇದನ್ನ ಯಾರು ಮಾಡ್ಯಾರ, ಬಂದು ನೋಡು.”

ಚಂದ್ರಾಮ ಹೋಗಿ ನೋಡಿದ. ಪಾಲಿಶ್ ಮುಗಿದ ಪ್ರತಿ ಗಾಡಿಗೂ ಶಿವನ ಹೆಸರು ಹೇಳಿ, ಜೇಬಿನ ಗಟ್ಟಿಯಿಂದ ವಿಭೂತಿ ಎಳೆಯುವುದು ಅವನ ಹನ್ನೊಂದು ವರ್ಷದ ರೂಢಿ. ಆ ಗ್ಯಾರೇಜಿನಲ್ಲಿ ಬೇರೆ ಯಾರಿಗೂ ಅದು ಇರಲಿಲ್ಲ. ಕೈ ತನ್ನ ಪಾಡಿಗೆ ಮಾಡುವ ಕೆಲಸ, ಮನಸ್ಸಿಗೆ ಲೆಕ್ಕವೇ ಇರುವುದಿಲ್ಲ. ಮೂರು ಬೆರಳಿನ ಮೂರು ಬಿಳಿ ಗೆರೆಗಳು, ಗುರುವಾರದವರೆಗೆ ಬಿಲ್ಲೆ ಅಂಟಿಕೊಂಡಿದ್ದ ಜಾಗದಲ್ಲೇ ನೆಟ್ಟಗೆ ಒಣಗಿದ್ದವು.