ಹಾರಿಹೋಗದ ಹಕ್ಕಿ

"ರೂಲ್ಫಿನಮ್ಮ, ನಾನು ಸುಳ್ಳು ಅಂಕಿ ಬರೆದೆ ಅಂತಿದ್ದಾರೆ. ಸೋಮವಾರ ಕೆಲಸದಿಂದ ತೆಗೀತಾರೆ."

ಪಕ್ಕದ ಮನೆಯ ಮಾರ್ಹಿನ್ ಹಾಗೆಂದು ಅತ್ತಾಗ ಹಾರ್ಮ್ ಅವಳತ್ತ ಕರವಸ್ತ್ರ ಚಾಚಿದ. ಅವನ ಗೆಳತಿ ರೂಲ್ಫಿನ್ ಮಾತ್ರ, ಪೊಲೀಸ್ ಕೆಲಸ ಬಿಟ್ಟರೂ ಬಿಡದ ಚಾಳಿಯಂತೆ, ಕಣ್ಣು ಮುಚ್ಚಿ ಕೇಳಿಸಿಕೊಂಡಳು.

ಮಾರ್ಹಿನ್ ಉಪಗ್ರಹದ ಚಿತ್ರದಲ್ಲಿ ನೆಲದ ಬಿಸಿ ನೋಡಿ, ಮಣ್ಣಿನಿಂದ ಎಷ್ಟು ನೀರು ಆವಿಯಾಯಿತೆಂದು ಹೇಳುವವಳು. ಅದನ್ನು ಒರೆಗೆ ಹಚ್ಚಲು ಡ್ರೆಂಥೆ ಪ್ರಾಂತ್ಯದ ಸಂಶೋಧನಾ ಹೊಲದಲ್ಲಿ ತಕ್ಕಡಿಯ ಮೇಲೊಂದು ಮಣ್ಣು ತುಂಬಿದ ತೊಟ್ಟಿ ಹೂತಿದ್ದರು; ಅದರ ತೂಕ ಇಳಿದಷ್ಟು ನೀರು ಆವಿಯಾದಂತೆ. ಹೋದ ವರ್ಷದವರೆಗೆ ಎರಡರ ಲೆಕ್ಕವೂ ಹೊಂದುತ್ತಿತ್ತು. ಮಳೆಯಿಲ್ಲದ ಈ ಬೇಸಿಗೆಯಲ್ಲಿ ನೆಲ ಒಣಗಿದೆ ಎಂದಿತು ಉಪಗ್ರಹ. ತೊಟ್ಟಿ ಮಾತ್ರ ದಿನವೂ ನೀರು ಕಳೆದುಕೊಳ್ಳುತ್ತಿತ್ತು. ಹಾಗಾದರೆ ಹಿಂದಿನ ಹೊಂದಿಕೆಯೆಲ್ಲ ಇವಳದೇ ಕೈಚಳಕ ಎಂದ ನಿರ್ದೇಶಕ ಎಗ್ಬರ್ಟ್.

ಮೂವರೂ ಹೊಲಕ್ಕೆ ಹೋದಾಗ ಮುದುಕಿ ಆಲ್ತ್ಯೆ ತೊಟ್ಟಿಯ ಕಳೆ ಕೀಳುತ್ತಿದ್ದಳು. ಆ ತೊಟ್ಟಿ ಕಟ್ಟಿದ, ಮಾರ್ಹಿನ್‌ಗೆ ವಿದ್ಯೆ ಕಲಿಸಿದ ಮೇಷ್ಟ್ರು ಲುಬ್ಬರ್ಟ್‌ನ ಹೆಂಡತಿ. ಅವನು ತೀರಿಕೊಂಡದ್ದು ಈ ವಸಂತದಲ್ಲಿ.

"ಬೋಳು ಮಣ್ಣೇ ಇರಬೇಕು ಅಂತಿದ್ದ ನಮ್ಮವನು. ಒಂದು ಹೂವೂ ನೆಡೋ ಹಾಗಿಲ್ಲ," ಎಂದಳು. ಸೈಕಲ್ ಚೀಲದಲ್ಲಿ ಎರಡು ಫ್ಲಾಸ್ಕ್ ಇದ್ದವು. ಒಂದರಿಂದ ಎಲ್ಲರಿಗೂ ಕಾಫಿ ಕೊಟ್ಟಳು. ಕಾಫಿ ಮುಗಿದರೂ ಇನ್ನೊಂದನ್ನು ತೆರೆಯಲಿಲ್ಲ.

ಕಚೇರಿಯೊಳಗೆ ರೂಲ್ಫಿನ್ ಕಂಪ್ಯೂಟರಿನಲ್ಲಿ ತೊಟ್ಟಿಯ ತೂಕದ ಗೆರೆಯ ಮೇಲೆ ಬೆರಳಿಟ್ಟಳು. "ದಿನಾ ಬೆಳಿಗ್ಗೆ ಇದೇನು ನೆಗೆತ?"

"ಹಕ್ಕಿ ಕೂತಿರುತ್ತೆ," ಎಂದ ಎಗ್ಬರ್ಟ್. "ಥಟ್ಟನೆ ತೂಕ ಏರಿದ್ರೆ ನಮ್ಮ ಕಂಪ್ಯೂಟರ್ ಲೆಕ್ಕಕ್ಕೇ ಹಿಡಿಯಲ್ಲ. ಅಷ್ಟೂ ಗೊತ್ತಿಲ್ವಾ?"

ರೂಲ್ಫಿನ್ ಎಲ್ಲರನ್ನೂ ಕ್ಯಾಂಟೀನಿಗೆ ಕರೆಸಿದಳು.

"ಕೂತ ಹಕ್ಕಿ ಹಾರಬೇಕಲ್ಲ ಎಗ್ಬರ್ಟ್? ಹಾರಿದ್ರೆ ತೂಕ ಥಟ್ಟನೆ ಇಳೀಬೇಕು. ಇಲ್ಲಿ ಸಂಜೆವರೆಗೆ ಮೆಲ್ಲಗೆ ಇಳಿದಿದೆ. ಅದು ಹಕ್ಕಿಯಲ್ಲ, ನೀರು. ಸುತ್ತ ಮಣ್ಣೆಲ್ಲ ಸುಡ್ತಿದೆ, ಕಳೆ ಹುಟ್ಟೋದು ತೊಟ್ಟಿಯಲ್ಲಿ ಮಾತ್ರ. ದಿನಾ ಅಲ್ಲಿಗೆ ಹೋಗೋದು ಒಬ್ಬರೇ." ಅವಳ ದನಿ ಮೆತ್ತಗಾಯಿತು. "ಎರಡನೇ ಫ್ಲಾಸ್ಕಿನಲ್ಲಿ ನೀರಿತ್ತು, ಅಲ್ವಾ ಆಲ್ತ್ಯೆ? ಯಾಕೆ?"

ಮುದುಕಿ ಬಿಸ್ಕತ್ತು ಕೆಳಗಿಟ್ಟಳು. "ಅವನ ಬೂದಿ ಆ ತೊಟ್ಟಿಯಲ್ಲೇ ಹೂತಿದ್ದೀನಿ. ಊರವರೆಲ್ಲ ತಮ್ಮವರ ಸಮಾಧಿಗೆ ನೀರು ಹಾಕ್ತಾರೆ. ನನ್ನವನು ಬಿಸಿಲಲ್ಲಿ ಬಾಯಾರಿ ಮಲಗಬೇಕಾ?"

"ನನ್ನ ಕೆಲಸ ಹೋಗ್ತಿತ್ತು ಅಜ್ಜಿ," ಎಂದಳು ಮಾರ್ಹಿನ್.

"ಗೊತ್ತಿರಲಿಲ್ಲ ಮಗಳೇ. ನಿನ್ನ ಕೆಲಸ ಅಂದ್ರೆ ಅವನ ಕೆಲಸ ತಾನೇ! ಇನ್ನು ಹಾಕಲ್ಲ."

ಎಗ್ಬರ್ಟ್ ತಲೆ ತಗ್ಗಿಸಿ ಕ್ಷಮೆ ಕೇಳಿದ. ಬೂದಿ ತೆಗೆಯಲು ತೊಟ್ಟಿಯನ್ನು ಅಗೆಯುವ ಮಾತನ್ನು ಯಾರೂ ಎತ್ತಲಿಲ್ಲ.

ಮುಂದಿನ ವಾರ ಹಾರ್ಮ್ ಹೋದಾಗ ತೊಟ್ಟಿಯಿಂದ ಆವಿಯಾದ ನೀರಿನ ಗೆರೆ ಇಳಿದಿಳಿದು ಉಪಗ್ರಹದ ಗೆರೆಯನ್ನು ಕೂಡಿತ್ತು. ಗೆದ್ದ ಮಾರ್ಹಿನ್ ಮೇಜಿಗೆ ತಲೆಯಿಟ್ಟು ಬಿಕ್ಕುತ್ತಿದ್ದಳು.

"ಲೆಕ್ಕ ಸರಿಯಾಯ್ತಲ್ಲ, ಯಾಕಮ್ಮ ಅಳ್ತೀಯ?"

"ಮೇಷ್ಟ್ರು ಒಣಗ್ತಿದ್ದಾರೆ ಹಾರ್ಮ್," ಎಂದಳು ಅವಳು.