ರೇಡಿಯೋದಲ್ಲಿ ಬಂದ ನನ್ನ ಜ್ವರ

ಬೆಲ್ ಆಯಿತು. ಸುಡುತ್ತಿದ್ದ ಮೈಯನ್ನು ಹೇಗೋ ಹಾಸಿಗೆಯಿಂದ ಎಬ್ಬಿಸಿ, ಗೋಡೆ ಹಿಡಿದುಕೊಂಡು ಬಾಗಿಲತನಕ ಹೋದೆ. ಹೋಗುವ ದಾರಿಯಲ್ಲಿ ಕೂದಲು ಬೇರೆ ಸರಿಮಾಡಿಕೊಂಡೆ, ನನ್ನ ಹಣೆಬರಹ. ಬಾಗಿಲು ತೆಗೆದರೆ ಯಾರೂ ಇಲ್ಲ. ಬಾಗಿಲ ಹಿಡಿಕೆಯಲ್ಲಿ ಒಂದು ಚೀಲ ನೇತಾಡುತ್ತಿತ್ತು.

ಅಷ್ಟರಲ್ಲಿ ಫೋನ್ ಬಂತು.

"ಕಿಟಕಿ ಹತ್ರ ಬಾ, ಕನ್ನಡಕದಮ್ಮ."

ನಾನು ಬಾಗಿಲಿಗೆ ಬರುವಷ್ಟರಲ್ಲಿ ನನ್ನ ಮಾತಿನಮಲ್ಲ ಮೂರು ಮಹಡಿ ಇಳಿದು ರಸ್ತೆಯನ್ನೂ ದಾಟಿದ್ದ. ಎದುರಿನ ಫುಟ್‌ಪಾತಿನಲ್ಲಿ ಮಾಸ್ಕ್ ಹಾಕಿಕೊಂಡು ಕೈ ಬೀಸುತ್ತಿದ್ದ. ಸಂಜೆಯ ಬಿಸಿಲು ಭುಜದ ಮೇಲೆ ಬಿದ್ದಿತ್ತು. ಚೆನ್ನಾಗೇ ಕಾಣುತ್ತಿದ್ದ, ಹಾಳಾದವನು.

"ಇಷ್ಟು ಹತ್ತಿ ಬಂದವನು ಎರಡು ನಿಮಿಷ ನಿಲ್ಲೋಕಾಗ್ಲಿಲ್ವಾ?"

"ನನಗೂ ಅಂಟಿಕೊಂಡು ಗಂಟಲು ಕೆಟ್ರೆ ಪ್ರೋಗ್ರಾಮ್ ಗತಿ ಏನು ಹೇಳು. ಮನಸ್ಸೆಲ್ಲ ನಿನ್ನ ಹತ್ರಾನೇ ಇದೆ ಕಣೇ."

"ಮನಸ್ಸು ನೀರು ಕಾಯಿಸಿ ಕೊಡುತ್ತಾ?"

ನಕ್ಕ. ಅವನು ನಕ್ಕರೆ ನನ್ನ ಸಿಟ್ಟು ನಿಲ್ಲುವುದಿಲ್ಲ, ಅದು ಅವನಿಗೂ ಗೊತ್ತು. ಚೀಲದಲ್ಲಿ ಜ್ವರದ ಮಾತ್ರೆ, ಬ್ರೆಡ್ಡು, ಒಂದು ಸೂಪ್ ಪ್ಯಾಕೆಟ್ಟು ಇದ್ದವು. ಪ್ಯಾಕೆಟ್ಟಿನ ಹಿಂದೆ ಕುದಿಸಿ ಕುಡಿಯಿರಿ ಎಂದು ಬರೆದಿತ್ತು. ಒಲೆಯ ಮುಂದೆ ನಿಲ್ಲುವ ಶಕ್ತಿ ಇದ್ದಿದ್ದರೆ ನನಗೆ ಸೂಪಾದರೂ ಯಾಕೆ ಬೇಕಿತ್ತು?

ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವವಳು. ಅವನು ರೇಡಿಯೋದಲ್ಲಿ ಬೆಳಗಿನ ಕಾರ್ಯಕ್ರಮ ನಡೆಸುವವನು. ಯಾವುದೋ ಸಮಾರಂಭದ ನಿರೂಪಣೆಗೆ ನಮ್ಮೂರಿಗೆ ಬಂದಾಗ ಕನ್ನಡಕದ ಕಾಲು ಮುರಿದುಕೊಂಡು ಅಂಗಡಿಗೆ ಬಂದಿದ್ದ. ಸರಿಮಾಡಿ, ಅವನ ಕಿವಿಯ ಹಿಂದೆ ಬೆರಳಿಟ್ಟು ಕೇಳಿದೆ.

"ಇಲ್ಲಿ ಒತ್ತುತ್ತಾ?"

"ನಿಮ್ಮ ಕೈ ಇರೋತನಕ ಒತ್ತಲ್ಲ."

ಅಷ್ಟು ಹತ್ತಿರದಿಂದ ಅವನು ನೋಡಿದ್ದು ನಾನೇ ಒರೆಸಿಕೊಟ್ಟ ಗಾಜಿನ ಮೂಲಕ. ನನಗೆ ಕಣ್ಣು ಎಲ್ಲಿಡಬೇಕೋ ತಿಳಿಯದೆ ಅವನ ಹುಬ್ಬಿನ ಮೇಲಿನ ಮಚ್ಚೆಯನ್ನೇ ನೋಡುತ್ತ ನಿಂತೆ. ಕೈ ಮಾತ್ರ ತೆಗೆಯಲಿಲ್ಲ.

ಆಮೇಲೆ ದಿನವೂ ಫೋನು. ಕೊನೆಗೆ, "ಇಲ್ಲೇ ಬಂದ್ಬಿಡು, ನಾನಿದ್ದೀನಲ್ಲ" ಅಂದ. ಅಷ್ಟಕ್ಕೇ ಇದ್ದ ಕೆಲಸ ಬಿಟ್ಟು, ಅಕ್ಕನ ಹತ್ತಿರ ಉಗಿಸಿಕೊಂಡು ಈ ಊರಿಗೆ ಬಂದೆ. ಬಂದು ಒಂದು ತಿಂಗಳೂ ಆಗಿಲ್ಲ. ಪಕ್ಕದ ಮನೆಯವರ ಮುಖ ಗೊತ್ತಿಲ್ಲ, ಡಾಕ್ಟರು ಎಲ್ಲಿ ಸಿಗುತ್ತಾರೆ ಗೊತ್ತಿಲ್ಲ. ಜ್ವರ ಬಂದ ದಿನ ಅಕ್ಕ, "ನಾನು ಹೊರಟು ಬರ್ಲೇನೇ?" ಎಂದು ಕೇಳಿದಳು. "ಬೇಡಕ್ಕ, ಅವನಿದ್ದಾನೆ" ಅಂದೆ. ಅಕ್ಕನ ಮುಂದೆ ಅವನನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ.

ಅವನದೂ ಹೊಟ್ಟೆಪಾಡು, ಗಂಟಲೇ ಬಂಡವಾಳ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಎರಡು ಹೋಳು ಬ್ರೆಡ್ಡು ತಿಂದು, ಮಾತ್ರೆ ನುಂಗಿ ಮಲಗಿದೆ.

ಬೆಳಿಗ್ಗೆ ಎದ್ದಾಗಲೂ ಮೈ ಕಾದ ಹೆಂಚೇ. ಅವನ ದನಿಯಾದರೂ ಕೋಣೆಯಲ್ಲಿರಲಿ ಎಂದು ಮೊಬೈಲಿನಲ್ಲಿ ರೇಡಿಯೋ ಹಾಕಿ ದಿಂಬಿನ ಪಕ್ಕ ಇಟ್ಟುಕೊಂಡೆ. ಒಂದು ಹಾಡು ಮುಗಿಯಿತು. ಅವನು ದನಿ ತಗ್ಗಿಸಿದ.

"ನನ್ನ ಜೀವದ ಗೆಳತಿಗೆ ಜ್ವರ. ರಾತ್ರಿಯೆಲ್ಲ ಪಕ್ಕದಲ್ಲೇ ಕೂತಿದ್ದೆ, ಹಣೆ ಮೇಲೆ ಒದ್ದೆ ಬಟ್ಟೆ ಇಟ್ಕೊಂಡು. ಸೂಪ್ ಮಾಡ್ಕೊಟ್ರೆ ಬೇಡ ಅಂತ ಮುಖ ತಿರುಗಿಸಿದ್ಲು. ಒಂದೇ ಒಂದು ಚಮಚ, ನನಗೋಸ್ಕರ ಅಂದೆ. ಬಾಯಿ ತೆರೆದ್ಲು, ಪುಟ್ಟ ಮಗು ಥರ."

ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಗಳಿಗೆ ನಾನೂ ನಂಬಿದೆ. ಕಣ್ಣು ಮುಚ್ಚಿದರೆ ಹಣೆಯ ಮೇಲೆ ಅವನ ಅಂಗೈ, ತುಟಿಗೆ ಚಮಚದ ಅಂಚು, ಹತ್ತಿರ ಬಗ್ಗಿದ ಮುಖ. ಕೈ ತಾನಾಗಿ ಹಣೆ ಮುಟ್ಟಿ ನೋಡಿಕೊಂಡಿತು. ಅಲ್ಲಿ ಒದ್ದೆ ಬಟ್ಟೆ ಇರಲಿಲ್ಲ. ಅವನ ರೇಡಿಯೋದೊಳಗಿನ ಆ ಹುಡುಗಿಯನ್ನು ಕಂಡು ನನಗೆ ಹೊಟ್ಟೆ ಉರಿಯಿತು. ಅವಳ ಜ್ವರವೇ ಚೆನ್ನಾಗಿತ್ತು.

ಕಾರ್ಯಕ್ರಮ ಮುಗಿದದ್ದೇ ತಡ, ಫೋನ್ ಮಾಡಿದ. ಖುಷಿಯಲ್ಲಿ ಉಸಿರು ಏರಿತ್ತು.

"ಕೇಳ್ದ್ಯಾ? ಮೆಸೇಜ್ ಮೇಲೆ ಮೆಸೇಜ್. ಎಲ್ರೂ ನಿನ್ನ ಬಗ್ಗೆನೇ ಕೇಳ್ತಿದ್ದಾರೆ."

"ಏನಂತ?"

"ಹೇಗಿದ್ದಾರೆ ಅಂತ."

"ಏನು ಹೇಳ್ದೆ?"

"ಜ್ವರ ಇಳಿದಿದೆ ಅಂದೆ."

ನನಗೆ ಚಳಿಗೆ ಹಲ್ಲು ಕಟಕಟ ಅನ್ನುತ್ತಿತ್ತು. ಊರಿಗೆ ಊರೇ ಕೇಳಿದ ಪ್ರಶ್ನೆಯನ್ನು ಅವನು ನನ್ನನ್ನು ಇನ್ನೂ ಕೇಳಿರಲಿಲ್ಲ.

"ನಾಳೆನೂ ಕೇಳ್ತಾರಲ್ವಾ?" ಅಂದೆ.

"ಕೇಳ್ದೆ ಇರ್ತಾರಾ? ನೀನೀಗ ಫೇಮಸ್ ಕಣೇ."

"ಹಾಗಾದ್ರೆ ಹೇಳು, ಅವಳು ಅವಳ ಊರಿಗೆ ವಾಪಸ್ ಹೋದ್ಲು ಅಂತ."

"ತಮಾಷೆ ಮಾಡ್ಬೇಡ. ಯಾಕೆ ಹಾಗೆ ಹೇಳ್ಲಿ?"

"ಅದೊಂದಾದ್ರೂ ನಿಜ ಇರಲಿ."

"ಈಗ ಹೊರಟೆ, ಇರು, ಬಂದೆ" ಎಂದು ಅವನು ಅಂದಿದ್ದರೆ ಸಾಕಿತ್ತು. ಇಷ್ಟೆಲ್ಲ ಆದ ಮೇಲೂ ಬಾಗಿಲು ತೆಗೆಯುತ್ತಿದ್ದೆ, ಕೂದಲು ಕೂಡ ಸರಿಮಾಡಿಕೊಳ್ಳುತ್ತಿದ್ದೆ.

"ರೆಸ್ಟ್ ತಗೋ," ಅಂದ. "ಸಂಜೆ ಫೋನ್ ಮಾಡ್ತೀನಿ."