ಮಿಕೇಲಪ್ಪನಿಗೆ ಮತ್ತೆ ದನಿ ಬಂದದ್ದು

ಬಹಳ ಹಿಂದೆ, ಪ್ರಾಣಿಗಳು ಇನ್ನೂ ಮನುಷ್ಯರ ಜೊತೆ ಮಾತು ಬಿಡದಿದ್ದ ಕಾಲದಲ್ಲಿ, ತೊರೆನಾಡು ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದ ಗಡಿಯಲ್ಲಿ ಬಿಳಿಗಲ್ಲೂರು ಎಂಬ ಹಳ್ಳಿ. ಹಳ್ಳಿಯ ನಡುವೆ ಒಂದು ಚರ್ಚು. ಚರ್ಚಿನ ಗೋಪುರದಲ್ಲಿ ಮೂರು ಗಂಟೆಗಳು.

ಊರು ಕಟ್ಟಿದ ಹಿರಿಯರೇ ಆ ಗಂಟೆಗಳನ್ನು ಎರಕ ಹೊಯ್ದಿದ್ದರು. ಮಕ್ಕಳಿಗೆ ಮಾಡುವ ಹಾಗೆ ಮಂತ್ರಿಸಿದ ನೀರು ಚಿಮುಕಿಸಿ ಹೆಸರಿಟ್ಟಿದ್ದರು. ಮೊದಲನೆಯದು ಮರಿಯಮ್ಮ. ಬೆಳಿಗ್ಗೆ ಅದು ಮೊಳಗಿದರೆ ಊರಿನವರ ಆಯಾಸವೆಲ್ಲ ಇಳಿಯುತ್ತಿತ್ತು. ಎರಡನೆಯದು ಜೋಸೆಪ್ಪ. ಸಂಜೆ ಅದು ಮೊಳಗಿದರೆ ಹಿಡಿದ ಕೆಲಸ ಕೈಬಿಡುತ್ತಿತ್ತು. ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಮಿಕೇಲಪ್ಪ. ಆಯುಷ್ಯ ಮುಗಿದವರಿಗಾಗಿ ಅದು ಒಂಬತ್ತು ಸಲ ಮೊಳಗುತ್ತಿತ್ತು. ಆ ಸದ್ದು ಹಿಡಿದು ಸಾವು ಮನೆ ಹುಡುಕಿಕೊಂಡು ಬಂದು, ಹೋಗಬೇಕಾದವರನ್ನು ಮೆಲ್ಲಗೆ ಕರೆದೊಯ್ಯುತ್ತಿತ್ತು.

ಊರಾಚೆ ಗುಡ್ಡದಲ್ಲಿ ಕಾಳಮೌನಿ ಎಂಬ ಮಾಂತ್ರಿಕನಿದ್ದ. ಅವನ ಆಯುಷ್ಯ ಮುಗಿಯುತ್ತ ಬಂದಿತ್ತು. ಸಾಯಲು ಅವನಿಗೆ ಇಷ್ಟವಿರಲಿಲ್ಲ. ಒಂದು ದಿನ ಗೋಪುರ ಹತ್ತಿ ಮೂರು ಗಂಟೆಗಳ ಒಳಗೆ ತೂಗುವ ಕಬ್ಬಿಣದ ನಾಲಿಗೆಗಳನ್ನೂ ಕಿತ್ತ. ಮಿಕೇಲಪ್ಪನ ನಾಲಿಗೆಯಿಂದಲೇ ಮಿಕೇಲಪ್ಪನಿಗೆ ಹೊಡೆದು ಅದನ್ನು ಸೀಳಿದ. ಆಮೇಲೆ ಊರಿನವರನ್ನು ತನಗೊಂದು ಕೋಟೆ ಕಟ್ಟಲು ಹಚ್ಚಿದ.

ಅಂದಿನಿಂದ ಹನ್ನೆರಡು ವರ್ಷ ಆ ಊರಿಗೆ ಬಿಡುವೆಂಬುದೇ ಇರಲಿಲ್ಲ. ಮಲಗಿ ಎದ್ದರೂ ಮೈ ಭಾರ. ಹಿಡಿದ ಕೆಲಸ ಬಿಡಲು ಬಾರದು. ಕಲ್ಲು ಒಡೆಯುವವರು ಒಡೆಯುತ್ತಲೇ ಇದ್ದರು. ಪಾದ್ರಿಗಳು ತೊಡಗಿದ ಪೂಜೆ ಮುಗಿಯುತ್ತಲೇ ಇರಲಿಲ್ಲ. ಹೊಸ ನಾಲಿಗೆ ಮಾಡಲು ಕುಳಿತ ಕಮ್ಮಾರ, ಕಬ್ಬಿಣ ಸವೆದು ಸೂಜಿಯಾದರೂ ಬಡಿಯುವುದನ್ನು ನಿಲ್ಲಿಸಲಾಗದೆ ಅತ್ತ. ಮುದುಕರು ಮಂಚದ ಮೇಲೆ ಬಾರದ ಸಾವನ್ನು ಕಾಯುತ್ತ ಮಲಗಿದ್ದರು.

ಹಾಗೆ ಮಲಗಿದ್ದವರಲ್ಲಿ ಅರುಳಮ್ಮ ಒಬ್ಬಳು. ನಲವತ್ತು ವರ್ಷ ಗಂಟೆ ಬಾರಿಸಿದವಳು ಅವಳೇ. ಅವಳ ಮಗಳು ಚೌರಮ್ಮ ಕಂಚಿನ ಎರಕದ ಕೆಲಸ ಬಲ್ಲವಳು. ಆದರೆ ಏಳು ವರ್ಷದಿಂದ ತಾಯಿಗೆ ಗಂಜಿ ಕುಡಿಸುವುದು, ಮಗ್ಗುಲು ಬದಲಿಸುವುದು, ಬಟ್ಟೆ ಒಗೆಯುವುದು, ಮತ್ತೆ ಗಂಜಿ ಕುಡಿಸುವುದು ಇಷ್ಟೇ ಅವಳ ಬಾಳಾಗಿತ್ತು.

ಒಂದು ದಿನ ಅರುಳಮ್ಮ ಗಂಜಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು.

"ಚೌರಿ, ಸಾಕು. ಹೋಗಿ ನಾಲಿಗೆಗಳನ್ನು ತಗೊಂಡು ಬಾ."

"ನನ್ನ ಕೈಲಿ ಕತ್ತಿಯಿಲ್ಲ, ಮೈಯಲ್ಲಿ ಶಕ್ತಿಯಿಲ್ಲವ್ವ."

"ಕತ್ತಿ ಹಿಡಿದು ಹೋದವರು ಯಾರು ವಾಪಸು ಬಂದರು? ನೀನು ಬರಿಗೈಲಿ ಹೋಗು."

ಪಕ್ಕದ ಮನೆಯವರಿಗೆ ತಾಯಿಯನ್ನು ಒಪ್ಪಿಸಿ ಚೌರಮ್ಮ ಹೊರಟಳು.

ಮೂರು ದಿನ ನಡೆದ ಮೇಲೆ ಬಯಲಿನಲ್ಲಿ ಒಂದು ಗಾಣ ಸಿಕ್ಕಿತು. ಕಪ್ಪು ಕೋಣವೊಂದು ಅದನ್ನು ಸುತ್ತುತ್ತಿತ್ತು. ಅದರ ಕೊರಳಲ್ಲಿ ಮರಿಯಮ್ಮನ ನಾಲಿಗೆ ನೇತಾಡುತ್ತಿತ್ತು. ಗಾಣದಲ್ಲಿ ಎಳ್ಳೂ ಇರಲಿಲ್ಲ, ಎಣ್ಣೆಯೂ ಇರಲಿಲ್ಲ.

"ಹತ್ತಿರ ಬಂದರೆ ತಿವಿಯುತ್ತೇನೆ," ಎಂದಿತು ಕೋಣ. "ಮಾಂತ್ರಿಕನ ಅಪ್ಪಣೆ. ಗಾಣ ನಿಲ್ಲಕೂಡದು."

ಚೌರಮ್ಮ ಅದರ ಕಣ್ಣು ನೋಡಿದಳು. ದಿನವೂ ಕನ್ನಡಿಯಲ್ಲಿ ಕಾಣುತ್ತಿದ್ದ ತನ್ನ ಕಣ್ಣಿನ ಹಾಗೆಯೇ ಇತ್ತು.

"ಗಾಣ ನಿಲ್ಲಬಾರದು, ಅಷ್ಟೇ ತಾನೆ? ನೊಗ ನನಗೆ ಕೊಡು. ನೀನು ಮಲಗು."

ಕೋಣ ಬಹಳ ಹೊತ್ತು ನಂಬಲಿಲ್ಲ. ಆಮೇಲೆ ಕೊರಳು ತಗ್ಗಿಸಿತು. ಚೌರಮ್ಮ ನೊಗಕ್ಕೆ ಹೆಗಲು ಕೊಟ್ಟು ಬೆಳಗಿನಿಂದ ಸಂಜೆಯವರೆಗೆ ಸುತ್ತಿದಳು. ಹೆಗಲಿನ ಚರ್ಮ ಕಿತ್ತುಹೋಯಿತು. ಕೋಣ ಎದ್ದು ಮೈ ಕೊಡವಿತು.

"ಹನ್ನೆರಡು ವರ್ಷಕ್ಕೆ ಇದು ಮೊದಲ ನಿದ್ದೆ. ನಾಲಿಗೆ ಬಿಚ್ಚಿಕೋ ತಾಯಿ," ಎಂದು ಹೇಳಿ, ಗಾಣವನ್ನು ಕೊಂಬಿನಿಂದ ಉರುಳಿಸಿ ಕಾಡಿನ ಕಡೆ ನಡೆಯಿತು.

ಮತ್ತೆ ಮೂರು ದಿನ ನಡೆದಳು. ಒಂದು ಹೊಳೆ ಬಂತು. ದಡದಲ್ಲಿ ಬಾಯಿ ತೆರೆದು ಮಲಗಿದ್ದ ಮೊಸಳೆಯ ಗಂಟಲಲ್ಲಿ ಜೋಸೆಪ್ಪನ ನಾಲಿಗೆ ಸಿಕ್ಕಿಕೊಂಡಿತ್ತು.

"ಕೈ ಹಾಕಿ ತೆಗೆದುಕೋ," ಎಂದಿತು ಮೊಸಳೆ. "ಆದರೆ ನಾನು ಕೇಳಿದ್ದಕ್ಕೆ ಉತ್ತರ ಕೊಡಬೇಕು. ಸುಳ್ಳಾದರೆ ನನ್ನ ಬಾಯಿ ತಾನಾಗಿ ಮುಚ್ಚುತ್ತದೆ. ಅದು ನನ್ನ ಕೈಲಿಲ್ಲ."

ಚೌರಮ್ಮ ತೋಳಿನವರೆಗೆ ಕೈ ಹಾಕಿದಳು.

"ನಿನಗೆ ಯಾವುದು ಸಾಕಾಗಿದೆ?"

"ನಡೆದು ಸಾಕಾಗಿದೆ." ಹಲ್ಲುಗಳು ಚೂರು ಕೆಳಗಿಳಿದವು.

"ಆ ಮಾಂತ್ರಿಕ ಸಾಕಾಗಿದ್ದಾನೆ." ಹಲ್ಲುಗಳು ತೋಳಿಗೆ ತಾಗಿದವು.

ಚೌರಮ್ಮ ಕಣ್ಣು ಮುಚ್ಚಿದಳು. ಯಾರಿಗೂ ಹೇಳದ ಮಾತು ಬಾಯಿಗೆ ಬಂತು.

"ನಮ್ಮವ್ವ ಸಾಕಾಗಿದ್ದಾಳೆ. ಅವಳ ಗಂಜಿ, ಅವಳ ಬಟ್ಟೆ, ಅವಳ ನರಳಾಟ ಎಲ್ಲ ಸಾಕಾಗಿದೆ. ಆದರೂ ಅವಳು ಹೋಗುವುದು ಬೇಡ ನನಗೆ."

ಮೊಸಳೆಯ ಬಾಯಿ ಅಗಲವಾಗಿ ತೆರೆದುಕೊಂಡಿತು. "ಎರಡೂ ನಿಜವೇ," ಎಂದಿತು. ಚೌರಮ್ಮ ನಾಲಿಗೆ ಎಳೆದುಕೊಂಡಳು. ಮೊಸಳೆ ನೀರಿಗಿಳಿದು ನೆಮ್ಮದಿಯಿಂದ ಬಾಯಿ ಮುಚ್ಚಿಕೊಂಡಿತು.

ಊರಿಗೆ ಮರಳಿ ಚೌರಮ್ಮ ಗೋಪುರ ಹತ್ತಿದಳು. ಬೆಳಿಗ್ಗೆ ಮರಿಯಮ್ಮ ಮೊಳಗಿತು, ಊರಿನವರ ಬೆನ್ನು ನೆಟ್ಟಗಾಯಿತು. ಸಂಜೆ ಜೋಸೆಪ್ಪ ಮೊಳಗಿತು. ಸುತ್ತಿಗೆಗಳು ಕೈಯಿಂದ ಜಾರಿ ಬಿದ್ದವು. ಪಾದ್ರಿಗಳು "ಆಮೆನ್" ಎಂದು ಪುಸ್ತಕ ಮುಚ್ಚಿದರು. ಜನ ಸಿಕ್ಕಲ್ಲಿ ಕುಳಿತು ಸುಮ್ಮನೆ ಒಬ್ಬರ ಮುಖ ಒಬ್ಬರು ನೋಡಿದರು.

ಮರುದಿನವೇ ಕಾಳಮೌನಿ ಬಂದ. ಮಿಕೇಲಪ್ಪನ ನಾಲಿಗೆಯನ್ನು ದೊಣ್ಣೆಯಂತೆ ಊರಿಕೊಂಡು ಚರ್ಚಿನ ಮೆಟ್ಟಿಲ ಮೇಲೆ ಕುಳಿತ.

"ಇದನ್ನು ಕೊಡುವುದಿಲ್ಲ," ಎಂದ.

"ಇಟ್ಟುಕೋ," ಎಂದಳು ಚೌರಮ್ಮ. "ಈಗ ಹಿಡಿದ ಕೆಲಸ ಮುಗಿಯುತ್ತದೆ. ಗಂಟೆಯನ್ನೂ ಹೊಸದಾಗಿ ಹೊಯ್ಯುತ್ತೇನೆ, ನಾಲಿಗೆಯನ್ನೂ ಕಮ್ಮಾರ ಹೊಸದಾಗಿ ಮಾಡುತ್ತಾನೆ."

ಮಾಂತ್ರಿಕ ನಕ್ಕ. "ಮಾಡು. ಅದು ಮೊಳಗಿದ ದಿನ ನನ್ನ ಜೊತೆ ನಿನ್ನ ತಾಯಿಯೂ ಹೋಗುತ್ತಾಳೆ. ಅದು ಗೊತ್ತಿದ್ದೂ ನಿನ್ನ ಕೈ ನೆಟ್ಟಗೆ ಕೆಲಸ ಮಾಡುತ್ತದೆಯೇ? ನೋಡುತ್ತ ಇಲ್ಲೇ ಕೂತಿರುತ್ತೇನೆ."

ಸೀಳಿದ ಗಂಟೆಯನ್ನು ಊರಿನವರು ಕೆಳಗಿಳಿಸಿ ಒಡೆದರು. ಮಣ್ಣು, ಸಗಣಿ, ಹೊಟ್ಟು ಕಲಸಿ ಅವಳು ಅಚ್ಚು ಮಾಡಿದಳು. ಕಂಚು ಕರಗಿಸಿ ಹೊಯ್ದಳು. ಅಚ್ಚು ಒಡೆದು ನೋಡಿದರೆ ಗಂಟೆಗೆ ಬಿರುಕು. ಮತ್ತೆ ಅಚ್ಚು ಮಾಡಿದಳು, ಮತ್ತೆ ಹೊಯ್ದಳು. ಮತ್ತೆ ಬಿರುಕು. ಮೆಟ್ಟಿಲ ಮೇಲೆ ಕಾಳಮೌನಿ ತೊಡೆ ತಟ್ಟಿಕೊಂಡ.

ಆ ಮಧ್ಯಾಹ್ನ ಚೌರಮ್ಮ ಮನೆಗೆ ಬಂದು ತಾಯಿಯ ಕಾಲ ಬಳಿ ಕುಳಿತಳು.

"ಬಿರುಕು ಬಿಟ್ಟಿತಾ?" ಎಂದು ಅರುಳಮ್ಮ ಕೇಳಿದಳು.

"ಹೂಂ."

"ಅಚ್ಚು ಒಣಗುವುದಕ್ಕೆ ಎಷ್ಟು ದಿನ ಬಿಟ್ಟೆ?"

ಚೌರಮ್ಮ ಕೈಗೆ ಮೆತ್ತಿದ್ದ ಮಣ್ಣನ್ನು ಉಜ್ಜಿಕೊಂಡಳು.

"ನಿಮ್ಮಪ್ಪ ಹದಿನೈದು ದಿನ ಬಿಡುತ್ತಿದ್ದರು. ಹಸಿ ಅಚ್ಚಿಗೆ ಹೊಯ್ದರೆ ಬಿರುಕು ಬಿಡುತ್ತದೆ ಅಂತ ನಿನಗೆ ಏಳನೇ ವಯಸ್ಸಿಗೇ ಗೊತ್ತಿತ್ತು, ಚೌರಿ."

ಚೌರಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. "ಸರಿಯಾಗಿ ಹೊಯ್ದರೆ ನೀನು ಹೋಗುತ್ತೀಯಲ್ಲವ್ವ."

ಅರುಳಮ್ಮ ಒಣಗಿದ ಕೈಯನ್ನು ಮಗಳ ತಲೆಯ ಮೇಲಿಟ್ಟಳು. "ಊರಿನಲ್ಲಿ ಎಷ್ಟೊಂದು ಜನಕ್ಕೆ ನಾನೇ ಹಗ್ಗ ಎಳೆದು ಕಳಿಸಿಕೊಟ್ಟೆ. ನನಗೆ ಯಾರು ಎಳೆಯಬೇಕು ಮಗಳೇ, ಬೇರೆಯವರಾ? ನನಗೂ ಸಾಕಾಗಿದೆ. ನಿನಗೂ ಸಾಕಾಗಿದೆ. ಅದು ತಪ್ಪಲ್ಲ."

ಮೂರನೆಯ ಸಲ ಚೌರಮ್ಮ ಅಚ್ಚನ್ನು ಹದಿನೈದು ದಿನ ನೆರಳಲ್ಲಿ ಒಣಗಿಸಿದಳು. ಆ ಹದಿನೈದು ದಿನವೂ ತಾಯಿಗೆ ತಾನೇ ಗಂಜಿ ಕುಡಿಸಿದಳು, ತಾನೇ ತಲೆ ಬಾಚಿದಳು. ಹದಿನಾರನೆಯ ದಿನ ಕಂಚು ಹೊಯ್ದಳು. ಅಚ್ಚು ತಣ್ಣಗಾದ ಮೇಲೆ ಒಡೆದರೆ ಗಂಟೆಯಲ್ಲಿ ಕೂದಲಷ್ಟೂ ಸೀಳಿಲ್ಲ. ಕಾಳಮೌನಿ ಎದ್ದು ಓಡಿಬಂದು ಗಂಟೆಗೆ ಹೊಡೆಯಲು ನಾಲಿಗೆಯ ದೊಣ್ಣೆ ಎತ್ತಿದ. ಆದರೆ ಈಗ ಊರಿನವರ ಕೈಗಳು ಬಿಡುವಾಗಿದ್ದವು. ಅವರು ಅವನ ಸುತ್ತ ಗೋಡೆಯಂತೆ ನಿಂತರು, ಅವನಿಗೆ ಒಂದು ಹೆಜ್ಜೆಯೂ ಇಡಲಾಗಲಿಲ್ಲ.

ಕಮ್ಮಾರ ಮಾಡಿದ ಹೊಸ ನಾಲಿಗೆಯೊಂದಿಗೆ ಗಂಟೆ ಗೋಪುರ ಸೇರಿತು. ಪಾದ್ರಿಗಳು ನೀರು ಚಿಮುಕಿಸಿ ಅದೇ ಹೆಸರಿಟ್ಟರು. ಅರುಳಮ್ಮನ ಮಂಚವನ್ನು ಹೊರಗೆ ಬಿಸಿಲಿಗೆ ತಂದಿಟ್ಟರು. ಚೌರಮ್ಮ ಹಗ್ಗ ಹಿಡಿದು ಎಳೆದಳು.

ಮೂರನೆಯ ಪೆಟ್ಟಿಗೆ ಗುಡ್ಡದ ಕೋಟೆ ಕುಸಿಯಿತು. ಆರನೆಯ ಪೆಟ್ಟಿಗೆ ಕಾಳಮೌನಿ ಊರಿನವರ ನಡುವೆ ನಿಂತಲ್ಲೇ ಬೂದಿಯಾಗಿ ಉದುರಿದ. ಏಳು, ಎಂಟು ಎಳೆದು ಚೌರಮ್ಮ ಒಮ್ಮೆ ತಾಯಿಯ ಮಂಚದ ಕಡೆ ನೋಡಿದಳು. ಆದರೂ ಒಂಬತ್ತನೆಯದನ್ನು ಎಳೆದಳು. ಅಂಗಳದಲ್ಲಿ ಅರುಳಮ್ಮ ಆ ಸದ್ದು ಪೂರಾ ಇಳಿಯುವವರೆಗೆ ಕೇಳಿ, "ದನಿ ಚೆನ್ನಾಗಿದೆ," ಎಂದು ಕಣ್ಣು ಮುಚ್ಚಿದಳು. ಹನ್ನೆರಡು ವರ್ಷ ಕಾದಿದ್ದ ಮುದುಕರೆಲ್ಲರೂ ಅವಳ ಜೊತೆಗೇ ಹೊರಟರು.

ಮಣ್ಣು ಮಾಡಿ ಬಂದ ಮೇಲೆ ಚೌರಮ್ಮ ಚಾಪೆ ಹಾಸಿ ಮಲಗಿದಳು. ಮೂರು ದಿನ ಮಲಗಿದಳು. ಊರಿನವರು ಸದ್ದು ಮಾಡದೆ ಓಡಾಡಿದರು, ಬಾಗಿಲ ಬಳಿ ಅನ್ನ ಇಟ್ಟು ಹೋದರು. ನಾಲ್ಕನೆಯ ದಿನ ಎದ್ದು, ಹೊಟ್ಟೆ ತುಂಬ ಉಂಡು, ಗೋಪುರ ಹತ್ತಿದಳು.

ಕೋಟೆಯ ಕಲ್ಲುಗಳಿಂದ ಊರಿನವರು ಮನೆಗಳನ್ನೂ ಬಾವಿಯನ್ನೂ ಕಟ್ಟಿಕೊಂಡರು. ಬಿಳಿಗಲ್ಲೂರಿನ ಜನ ಹೊತ್ತಿಗೆ ಸರಿಯಾಗಿ ಎದ್ದು, ಹೊತ್ತಿಗೆ ಸರಿಯಾಗಿ ಕೆಲಸ ಬಿಟ್ಟು, ತಮ್ಮ ತಮ್ಮ ಸರದಿ ಬಂದಾಗ ನೆಮ್ಮದಿಯಿಂದ ಹೊರಟು, ಎಲ್ಲರೂ ಸುಖವಾಗಿ ಬಾಳಿದರು.